ಅಪ್ಪನ ಯುದ್ಧದ ಪದ್ಯಗಳು: ತಿದ್ದಬೇಕೆ, ಅಚ್ಚು ಹಾಕಿಸಬೇಕೆ, ಮುಚ್ಚಿಡಬೇಕೆ?

ಪ್ರಶ್ನೆ: ನಮ್ಮದು ಮೂಲತಃ ಬೈಲಹೊಂಗಲ ಕಡೆ. ಪುಣೆಯ ಖಡ್ಕಿಗೆ ಬಂದು ನೆಲೆಸಿ ಬಹಳ ವರ್ಷವಾಯಿತು. ಅಪ್ಪ ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. 1971ರ ಯುದ್ಧದಲ್ಲಿ ಪಂಜಾಬ್ ಗಡಿಯ ಶಕರ್‌ಗಢ ವಲಯದಲ್ಲಿ ಮೈನು (ನೆಲದಲ್ಲಿ ಹೂತಿಟ್ಟ ಸ್ಫೋಟಕ) ತೆಗೆಯುವ ತುಕಡಿಯಲ್ಲಿದ್ದರಂತೆ. ಮನೆಯಲ್ಲಿ ಯುದ್ಧದ ಮಾತೇ ಎತ್ತುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ತುಂಬ ಪದ್ಯಗಳು, ಕನ್ನಡದ ನಡುನಡುವೆ ಹಿಂದಿ. ಶೌರ್ಯದ ಪದ್ಯ ಒಂದೆರಡು ಮಾತ್ರ. ಉಳಿದದ್ದೆಲ್ಲ ಭಯ, ಚಳಿ, ಊರಿನ ನೆನಪು. ಒಂದರಲ್ಲಿ ಸತ್ತುಬಿದ್ದ ಪಾಕಿಸ್ತಾನಿ ಸೈನಿಕನಿಗಾಗಿ ಮರುಗಿದ್ದಾರೆ. ಆ ಪುಟದಲ್ಲೇ ಉರ್ದುವಿನ ಪತ್ರವೊಂದನ್ನು ಮಡಚಿಟ್ಟಿದ್ದಾರೆ. ಮುಂಬಯಿಯ ಪರಿಚಿತ ಕವಿಯೊಬ್ಬರು ‘ಛಂದಸ್ಸು ಸರಿಮಾಡಿ, ಅಳುವ ಸಾಲು ತೆಗೆದು, ಡಿಸೆಂಬರ್ 16ರ ವಿಜಯ ದಿವಸಕ್ಕೆ ಪುಸ್ತಕ ತರೋಣ’ ಎನ್ನುತ್ತಾರೆ. ಅಣ್ಣ ‘ಅಪ್ಪನ ಮರ್ಯಾದೆ ತೆಗೀಬೇಡ, ಸುಟ್ಟುಬಿಡು’ ಎನ್ನುತ್ತಾನೆ. ಇದು ಸಾಹಿತ್ಯವೇ? ಅಚ್ಚು ಹಾಕಿಸಿದರೆ ಕಾನೂನಿನ ತೊಡಕು ಬರುತ್ತದೆಯೇ? ಅಪ್ಪ ಇಷ್ಟು ವರ್ಷ ಒಳಗೊಳಗೇ ನರಳುತ್ತಿದ್ದರೇ?

ಉತ್ತರ: ನಿಮ್ಮ ಪತ್ರವನ್ನೂ ನೀವು ಕಳಿಸಿದ ಪುಟಗಳ ಫೋಟೊಗಳನ್ನೂ ನಿಧಾನವಾಗಿ ಓದಿದೆ. ಸೈನಿಕರ ದಿನಚರಿ, ಪತ್ರ, ಪದ್ಯಗಳನ್ನು ಸಂಪಾದಿಸುವುದೇ ನನ್ನ ಕೆಲಸ. ಪುಣೆ ದಂಡಿನ ಊರು. ಇಂಥ ಟ್ರಂಕು ತೆರೆದು ಏನು ಮಾಡಬೇಕೆಂದು ತೋಚದೆ ಕೂತ ಮಕ್ಕಳು ಇಲ್ಲಿ ಬಹಳ ಜನ ಇದ್ದಾರೆ. ಮೊದಲ ಮಾತು: ಸುಡಬೇಡಿ, ತಿದ್ದಲು ಬಿಡಬೇಡಿ, ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ. ಉಳಿದದ್ದನ್ನೆಲ್ಲ ಆಮೇಲೆ ತೀರ್ಮಾನಿಸಬಹುದು.

ಅಣ್ಣನವರು ಅಪ್ಪನ ಮೇಲಿನ ಗೌರವದಿಂದಲೇ ಹಾಗೆ ಹೇಳುತ್ತಿದ್ದಾರೆ. ಶೂರ ಹೆದರುವುದಿಲ್ಲ, ಹೆದರಿದರೂ ಬರೆದಿಡುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ರಣರಂಗದಿಂದ ಬಂದ ಬರಹಗಳನ್ನು ಓದುತ್ತ ಹೋದರೆ ಈ ನಂಬಿಕೆ ಉಳಿಯುವುದಿಲ್ಲ. ವಿಲ್ಫ್ರೆಡ್ ಓವನ್ ಎಂಬ ಇಂಗ್ಲಿಷ್ ಕವಿ ಮೊದಲ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ ಒದ್ದಾಡುವ ಸೈನಿಕನನ್ನು ಕಣ್ಣಿಗೆ ಕಟ್ಟುವಂತೆ ಬರೆದ. ದೇಶಕ್ಕಾಗಿ ಸಾಯುವುದು ಸಿಹಿ ಎಂಬ ಮಾತನ್ನು ಹಳೆಯ ಸುಳ್ಳೆಂದು ಕರೆದ. ಅದೇ ಓವನ್ 1918ರಲ್ಲಿ ಫ್ರಾನ್ಸಿನ ಮುಂಚೂಣಿಗೆ ಮರಳಿ ಹೋಗಿ, ಶತ್ರುವಿನ ಮೆಷಿನ್‌ಗನ್ ವಶಪಡಿಸಿಕೊಂಡದ್ದಕ್ಕೆ ಮಿಲಿಟರಿ ಕ್ರಾಸ್ ಪದಕಕ್ಕೆ ಪಾತ್ರನಾದ. ನವೆಂಬರ್ 4ರಂದು, ಕದನವಿರಾಮಕ್ಕೆ ಒಂದೇ ವಾರವಿದ್ದಾಗ, ಸ್ಯಾಪರ್‌ಗಳು ಸೇತುವೆ ಹಾಕುತ್ತಿದ್ದ ಕಾಲುವೆಯ ದಂಡೆಯಲ್ಲಿ ಗುಂಡು ತಗುಲಿ ಸತ್ತ. ಆಗ ಅವನಿಗೆ 25 ವರ್ಷ. ಅವನ ಗೆಳೆಯ, ಕವಿ ಸೀಗ್‌ಫ್ರೀಡ್ ಸಸೂನ್ ಗುಂಡಿನ ಮಳೆಯಲ್ಲಿ ಗಾಯಾಳುಗಳನ್ನು ಹೊತ್ತು ತಂದು 1916ರಲ್ಲಿ ಅದೇ ಪದಕ ಪಡೆದವನು; ಮರುವರ್ಷ ಯುದ್ಧವನ್ನು ಬೇಕೆಂದೇ ಎಳೆಯಲಾಗುತ್ತಿದೆ ಎಂದು ಬಹಿರಂಗವಾಗಿ ಹೇಳಿಕೆ ಕೊಟ್ಟವನೂ ಅವನೇ. ಇವರಿಬ್ಬರನ್ನು ಹೇಡಿಗಳೆಂದು ಯಾರೂ ಕರೆಯಲಾರರು.

ಇನ್ನೊಂದು ಕಡೆ ರೂಪರ್ಟ್ ಬ್ರೂಕ್ ಎಂಬ ಇಂಗ್ಲಿಷ್ ಕವಿ ಇದ್ದಾನೆ. ಸೈನಿಕನ ಸಾವನ್ನು ಪವಿತ್ರ ಕಾಣಿಕೆಯಾಗಿ ಹಾಡಿದ ಅವನ ಸಾನೆಟ್‌ಗಳು ಆಗ ಬ್ರಿಟನ್ನಿನ ಮನೆಮನೆಯ ಮಾತಾಗಿದ್ದವು. 1914ರಲ್ಲಿ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಹಿಮ್ಮೆಟ್ಟುವಿಕೆಯ ಕೆಲವು ದಿನ ಬಿಟ್ಟರೆ ಅವನು ಯುದ್ಧ ಕಾಣಲಿಲ್ಲ. ತುರ್ಕಿಯ ಗ್ಯಾಲಿಪೊಲಿ ರಣರಂಗಕ್ಕೆ ಹೋಗುವ ದಾರಿಯಲ್ಲಿ, 1915ರ ಏಪ್ರಿಲ್‌ನಲ್ಲಿ, ರಕ್ತ ನಂಜಾಗಿ ತೀರಿಕೊಂಡ. ಅವನನ್ನು ಕೀಳು ಮಾಡಲು ಇದನ್ನು ಹೇಳುತ್ತಿಲ್ಲ. ಯುದ್ಧಕ್ಕೆ ಹೊರಡುವವನ ಪದ್ಯವೂ ಯುದ್ಧದೊಳಗಿನಿಂದ ಬರೆದವನ ಪದ್ಯವೂ ಬೇರೆಬೇರೆ. ನಿಮ್ಮ ತಂದೆಯವರ ನೋಟ್‌ಬುಕ್ಕಿನ ಮೊದಲೆರಡು ವೀರಾವೇಶದ ಪದ್ಯಗಳ ಕೆಳಗೆ ಯುದ್ಧಕ್ಕೆ ಮುಂಚಿನ ತಾರೀಖು ಇದೆ, ಗಮನಿಸಿದಿರಾ? ನನಗೆ ಇದರಲ್ಲಿ ಆಶ್ಚರ್ಯವಿಲ್ಲ.

ಶತ್ರುವಿಗಾಗಿ ಮರುಗಿದ ಪದ್ಯವೇ ಅಣ್ಣನವರನ್ನು ಹೆಚ್ಚು ಕಾಡುತ್ತಿರಬೇಕು. ಇದಕ್ಕೆ ಪರದೇಶದವರ ಸಾಕ್ಷಿಯೂ ಬೇಕಿಲ್ಲ. ರನ್ನನ ಗದಾಯುದ್ಧದಲ್ಲಿ ಗೆಲ್ಲುವವನು ಭೀಮ. ಆದರೂ ದುರ್ಯೋಧನ ಹೆಣಗಳ ನಡುವೆ ನಡೆಯುತ್ತ ದ್ರೋಣನ, ದುಶ್ಶಾಸನನ, ಮಗ ಲಕ್ಷಣಕುಮಾರನ, ಕರ್ಣನ ದೇಹಗಳ ಮುಂದೆ ನಿಂತು ಗೋಳಿಡುವ ಭಾಗಕ್ಕೆ ಬಂದಾಗ ಓದುಗನ ಗಂಟಲು ಕಟ್ಟುತ್ತದೆ. ಆ ರನ್ನನಿಗೆ ಆಶ್ರಯ ಕೊಟ್ಟ ಚಾವುಂಡರಾಯ ಗಂಗರ ದಂಡನಾಯಕ. ಹಲವು ಯುದ್ಧ ಮಾಡಿದ ಕೈಯಿಂದಲೇ 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದವನು. ಪಂಪನೂ ಕವಿಯಷ್ಟೇ ಅಲ್ಲ, ಕಲಿಯೂ ಹೌದು. ವೇಮುಲವಾಡದ ಆಸ್ಥಾನದಲ್ಲಿ ಕೂತು ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ’ ಎಂದು ಅರ್ಜುನನ ಬಾಯಲ್ಲಿ ಹಂಬಲಿಸಿದವನು. ಪಂಜಾಬಿನ ಡಿಸೆಂಬರ್ ಚಳಿಯಲ್ಲಿ ನಿಮ್ಮ ತಂದೆ ಬೈಲಹೊಂಗಲದ ಎರೆಹೊಲವನ್ನೂ ಬಿಳಿಜೋಳದ ತೆನೆಯನ್ನೂ ನೆನೆದು ಬರೆದದ್ದು ನಮ್ಮ ಭಾಷೆಗೆ ಹೊಸದಲ್ಲ. ಅಣ್ಣನವರಿಗೆ ಇದನ್ನೇ ಹೇಳಿ.

ಈಗ ತಿದ್ದುವ ಮಾತು. ನೀವು ಕಳಿಸಿದ ಮೂರನೆಯ ಪುಟ ನನ್ನ ಮುಂದಿದೆ. ಪೆನ್ಸಿಲ್ಲಿನಲ್ಲಿ, ಪುಟದ ಎಡ ಅಂಚಿಗೆ ಒತ್ತಿ, ಒಂದರ ಕೆಳಗೊಂದು:

ಚುಚ್ಚಿದೆ. ಮಣ್ಣು.
ಚುಚ್ಚಿದೆ. ಮಣ್ಣು.
ಚುಚ್ಚಿದೆ. ಮಣ್ಣು.
ಚುಚ್ಚಿದೆ.
ಅವ್ವಾ.

ಅಷ್ಟೇ. ಕೆಳಗೆ ಪುಟವಿಡೀ ಖಾಲಿ. ನಿಮ್ಮ ಕವಿಮಿತ್ರರು ಇದನ್ನು ‘ಅಪೂರ್ಣ’ ಎಂದು ಗುರುತು ಹಾಕಿದ್ದಾರೆಂದು ಬರೆದಿದ್ದೀರಿ. ಮೈನು ಹುಡುಕುವ ಕೆಲಸ ತಿಳಿದವರಿಗೆ ಇದು ಪೂರ್ತಿ ಪದ್ಯ. ಸ್ಯಾಪರ್ ಹೊಟ್ಟೆಯ ಮೇಲೆ ಮಲಗಿ, ಬಯೊನೆಟ್ಟನ್ನೋ ಚುಚ್ಚುಗೋಲನ್ನೋ ನೆಲಕ್ಕೆ ಓರೆಯಾಗಿ, ಮೆಲ್ಲಗೆ ತೂರಿಸುತ್ತಾನೆ. ನೇರ ಮೇಲಿನಿಂದ ಒತ್ತಿದರೆ ಮೈನಿನ ನೆತ್ತಿಗೇ ಭಾರ ಬಿದ್ದು ಸಿಡಿಯಬಹುದು. ಓರೆಯಾದರೆ ಮೊನೆ ಅದರ ಪಕ್ಕಕ್ಕೆ ತಾಗುತ್ತದೆ. ತಾಗದಿದ್ದರೆ ಕೈಬೆರಳಷ್ಟು ಮುಂದೆ ಮತ್ತೆ ಚುಚ್ಚಬೇಕು. ಟ್ಯಾಂಕುಗಳು ಹಿಂದೆ ಕಾಯುತ್ತಿರುತ್ತವೆ, ಕತ್ತಲಿರುತ್ತದೆ, ಮೇಲಿನಿಂದ ಶೆಲ್ ಬೀಳುತ್ತಿರುತ್ತದೆ. ಆ ಸಾಲುಗಳ ಲಯ ಆ ಕೈಯ ಲಯವೇ. ನಾಲ್ಕನೆಯ ಸಲ ‘ಮಣ್ಣು’ ಬರಲಿಲ್ಲ. ಇದನ್ನು ಷಟ್ಪದಿಗೋ ಪ್ರಾಸಕ್ಕೋ ಕೂರಿಸಿದರೆ ಏನು ಉಳಿದೀತು?

ಇಟಲಿಯ ಕವಿ ಉಂಗರೆಟ್ಟಿ ಮೊದಲ ಮಹಾಯುದ್ಧದಲ್ಲಿ ಆಲ್ಪ್ಸ್ ಕಡೆಯ ಕಾರ್ಸೊ ಬೆಟ್ಟಗಳಲ್ಲಿ ಸಾಮಾನ್ಯ ಸಿಪಾಯಿಯಾಗಿದ್ದಾಗ ಸಿಕ್ಕಿದ ಚೂರುಪಾರು ಕಾಗದದ ಮೇಲೆ ಇಷ್ಟೇ ಚಿಕ್ಕ ಪದ್ಯ ಬರೆದ. ಪ್ರತಿಯೊಂದರ ಜೊತೆ ಜಾಗ, ತಾರೀಖು. 1915ರ ಡಿಸೆಂಬರ್ 23ರದ್ದೊಂದರಲ್ಲಿ ಹಲ್ಲು ಕಿರಿದು ಸತ್ತ ಜೊತೆಗಾರನ ಪಕ್ಕದಲ್ಲೇ ಇಡೀ ರಾತ್ರಿ ಬಿದ್ದುಕೊಂಡು ಪ್ರೀತಿ ತುಂಬಿದ ಪತ್ರಗಳನ್ನು ಬರೆದೆ ಎನ್ನುತ್ತಾನೆ. ಬದುಕಿಗೆ ಇಷ್ಟು ಅಂಟಿಕೊಂಡದ್ದು ಎಂದೂ ಇಲ್ಲ ಎನ್ನುತ್ತಾನೆ. ಎತ್ತೋರೆ ಸೆರ್ರ ಎಂಬ ಅಧಿಕಾರಿ ಗೆಳೆಯ ಆ ಪದ್ಯಗಳನ್ನು 1916ರಲ್ಲಿ ಉದಿನೆ ಊರಿನಲ್ಲಿ ಅಚ್ಚು ಹಾಕಿಸಿದ. ಪ್ರತಿಗಳು ಕೇವಲ 80. ಇಟಲಿಯ ಆಧುನಿಕ ಕಾವ್ಯದ ದಿಕ್ಕು ಬದಲಿಸಿದ ಪುಸ್ತಕಗಳಲ್ಲಿ ಅದೂ ಒಂದು.

ಕವಿಗಳು ಒಬ್ಬರ ಪದ್ಯವನ್ನೊಬ್ಬರು ತಿದ್ದುವುದುಂಟು. ಓವನ್ನನ ಕೆಲವು ಕರಡುಗಳಲ್ಲಿ ಸಸೂನನ ಕೈಬರಹದ ಸಲಹೆಗಳು ಇಂದಿಗೂ ಕಾಣುತ್ತವೆ. ಆದರೆ ಓವನ್ ಎದುರಿಗಿದ್ದ. ಒಪ್ಪಬಹುದಿತ್ತು, ಬೇಡ ಎನ್ನಬಹುದಿತ್ತು. ನಿಮ್ಮ ತಂದೆಯವರಿಗೆ ಆ ಅವಕಾಶ ಈಗಿಲ್ಲ. ಹಿಂದಿ ಮಾತುಗಳನ್ನು, ಕಾಗುಣಿತವನ್ನು, ಹೊಡೆದು ಹಾಕಿದ ಸಾಲನ್ನು ಸಹ ಹಾಗೇ ಇಡಿ. ಓದುಗರಿಗೆ ತಿಳಿಯದ ಸೇನೆಯ ಮಾತಿಗೆ ಪುಟದ ಕೆಳಗೆ ಟಿಪ್ಪಣಿ ಕೊಡಬಹುದು. ಸಂಪಾದಕನ ಕೆಲಸ ಅಷ್ಟಕ್ಕೇ ನಿಲ್ಲಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

‘ಇದು ಸಾಹಿತ್ಯವೇ’ ಎಂದು ಕೇಳಿದ್ದೀರಿ. ಏಳನೆಯ ಇಯತ್ತೆ (ತರಗತಿ) ಓದಿದವರು ಬರೆದದ್ದು ಎಂಬ ಅಳುಕು ನಿಮ್ಮ ಪತ್ರದಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ಸಿಪಾಯಿಗಳಲ್ಲಿ ಬಹುಪಾಲು ಜನಕ್ಕೆ ಓದುಬರಹ ಇರಲಿಲ್ಲ. ಬರೆಯಬಲ್ಲವರಿಂದ ಬರೆಸುತ್ತಿದ್ದರು, ಸೆನ್ಸಾರ್ ಅಧಿಕಾರಿಗಳು ಓದುತ್ತಾರೆಂದೂ ಗೊತ್ತಿತ್ತು. ಅದಕ್ಕೇ ಕರಿಮೆಣಸು ಎಂದರೆ ಹಿಂದುಸ್ತಾನಿ ಸೈನಿಕ, ಕೆಂಪು ಮೆಣಸು ಎಂದರೆ ಗೋರಾ ಸೈನಿಕ ಎಂದು ಗುಟ್ಟಿನ ಭಾಷೆ ಕಟ್ಟಿಕೊಂಡು, ಕರಿಮೆಣಸು ಮುಗಿಯುತ್ತ ಬಂತು ಎಂದು ಊರಿಗೆ ಸುದ್ದಿ ಕಳಿಸಿದರು. ಸೆನ್ಸಾರ್ ಆ ಪತ್ರಗಳಿಂದ ಆರಿಸಿ ಅನುವಾದ ಮಾಡಿಸಿಟ್ಟದ್ದರಿಂದಲೇ ಅವು ಲಂಡನ್ನಿನಲ್ಲಿ ಉಳಿದಿವೆ. ಜರ್ಮನಿಯ ವ್ಯೂನ್ಸ್‌ಡಾರ್ಫ್ ಸೆರೆಶಿಬಿರದಲ್ಲಿ ಭಾಷಾ ವಿದ್ವಾಂಸರು ಭಾರತೀಯ ಯುದ್ಧಕೈದಿಗಳ ದನಿಯನ್ನು ಧ್ವನಿಮುದ್ರಿಸಿಕೊಂಡರು. 1916ರ ಡಿಸೆಂಬರ್ 11ರಂದು ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ ಆ ಯಂತ್ರದ ಮುಂದೆ ನಿಂತು ತನ್ನ ಕತೆಯನ್ನೇ ಬೇರೊಬ್ಬನ ಕತೆಯಂತೆ ಹೇಳಿದ: ಒಬ್ಬ ಮನುಷ್ಯನಿದ್ದ, ಹಿಂದುಸ್ತಾನದಲ್ಲಿ ಬೆಣ್ಣೆ ತಿನ್ನುತ್ತಿದ್ದ, ಹಾಲು ಕುಡಿಯುತ್ತಿದ್ದ, ಇಂಗ್ಲಿಷರ ಚಾಕರಿಗೆ ಸೇರಿ ಯುರೋಪಿನ ಯುದ್ಧಕ್ಕೆ ಬಂದ, ಜರ್ಮನರ ಸೆರೆಯಾದ, ಈಗ ಊರಿಗೆ ಹೋಗಬೇಕೆನ್ನುತ್ತಾನೆ. ಈ ಕೆಲವೇ ಮಾತುಗಳ ಮೇಲೆ ವಿದ್ವಾಂಸರು ಬಹಳಷ್ಟು ಬರೆದಿದ್ದಾರೆ, ಚಲನಚಿತ್ರವೇ ಬಂದಿದೆ. ಏಳನೆಯ ಇಯತ್ತೆಯವರೆಗಿನ ಓದು ಇದಕ್ಕೆ ಅಡ್ಡಿಯಾಗದು.

ನಮ್ಮ ಪುಣೆಯದೇ ಉದಾಹರಣೆ ಬೇಕೆಂದರೆ, ಇಲ್ಲಿನ 6ನೆಯ ಪೂನಾ ಡಿವಿಷನ್ ಮೆಸೊಪೊಟೇಮಿಯಾದ (ಇಂದಿನ ಇರಾಕ್) ಕುತ್ ಊರಿನಲ್ಲಿ ತಿಂಗಳುಗಟ್ಟಲೆ ಮುತ್ತಿಗೆಗೆ ಸಿಕ್ಕಿ, ಹಸಿವಿನಿಂದ ಬಳಲಿ 1916ರ ಏಪ್ರಿಲ್ 29ರಂದು ತುರ್ಕರಿಗೆ ಶರಣಾಯಿತು. ಅವರೊಡನೆ ಸೆರೆಯಾದ ಬಂಗಾಳಿ ಆಂಬುಲೆನ್ಸ್ ದಳದ ಶಿಶಿರ್ ಸರ್ವಾಧಿಕಾರಿ ದಿನಚರಿಯ ಹಾಳೆಗಳನ್ನು ಹರಿದು ಬೂಟಿನೊಳಗೆ ಬಚ್ಚಿಟ್ಟುಕೊಂಡು ಉಳಿಸಿದರು. ಪುಸ್ತಕವಾದದ್ದು ನಲವತ್ತು ವರ್ಷ ಕಳೆದ ಮೇಲೆ. ಖಡ್ಕಿಯ ಯುದ್ಧ ಸ್ಮಾರಕ ನಿಮ್ಮ ಮನೆಗೆ ಹತ್ತಿರವೇ. ಅಲ್ಲಿ ಹೆಸರುಗಳು ಸಿಗುತ್ತವೆ; ಒಳಗಿನ ಮಾತು ಬೇಕಾದರೆ ಇಂಥ ಹಾಳೆಗಳೇ ಗತಿ.

ಗುಂಡು ಹಾರುವಾಗಲೇ ಬರೆದದ್ದು ಮಾತ್ರ ಯುದ್ಧಸಾಹಿತ್ಯ ಎಂಬುದೂ ತಪ್ಪು ತಿಳಿವಳಿಕೆ. ವೇಲ್ಸ್ ದೇಶದ ಸೈನಿಕ ಕವಿ ಆಲನ್ ಲೂಯಿಸ್ ಎರಡನೆಯ ಮಹಾಯುದ್ಧದಲ್ಲಿ ಪುಣೆಯ ಸುತ್ತಮುತ್ತ ಇದ್ದ. 1943ರಲ್ಲಿ ಇಲ್ಲಿನ ಮಿಲಿಟರಿ ಆಸ್ಪತ್ರೆಯಲ್ಲಿ ಮಲಗಿ, ನಿದ್ದೆ ಬಾರದ ರಾತ್ರಿ ದೂರದ ವೇಲ್ಸಿನಲ್ಲಿರುವ ಹೆಂಡತಿಯೂ ಇದೇ ಕತ್ತಲಲ್ಲಿದ್ದಾಳೆ ಎಂದು ಬರೆದ. ಪಶ್ಚಿಮ ಘಟ್ಟದ ಬಿರುಬಿಸಿಲನ್ನು, ರೈತರನ್ನು, ಯುದ್ಧದಲ್ಲಿ ಕಳೆದುಹೋದ ನೆಲವಿಲ್ಲದ ಸೈನಿಕನನ್ನು ಕುರಿತು ಬರೆದ. ಅವುಗಳಲ್ಲಿ ಒಂದು ಗುಂಡಿನ ಸದ್ದೂ ಇಲ್ಲ. 1944ರ ಮಾರ್ಚಿನಲ್ಲಿ ಬರ್ಮಾದ ಅರಾಕಾನ್‌ನಲ್ಲಿ ಸತ್ತ. ನಿಮ್ಮ ತಂದೆ ಬೂಟು ಒಣಗಿಸಿದ್ದನ್ನು, ಈರುಳ್ಳಿ ಹೆಚ್ಚಿದ್ದನ್ನು ಬರೆದ ಪದ್ಯಗಳನ್ನು ‘ಇವು ಬಿಡಿ’ ಎಂದು ಪಕ್ಕಕ್ಕೆ ಸರಿಸಿದ್ದೀರಿ. ಬಿಡಬೇಡಿ. ಹಾಗೆಯೇ ಪದ್ಯದೊಳಗಿನ ದಿನ ಬೇರೆ, ಬರೆದ ದಿನ ಬೇರೆ ಇರಬಹುದು. ಪೆನ್ಸಿಲ್ ಹೋಗಿ ನೀಲಿ ಬಾಲ್‌ಪೆನ್ ಬಂದಿರುವ ಪುಟಗಳು ವರ್ಷಗಳ ನಂತರದ್ದಿರಬಹುದು. ಇದನ್ನು ಟಿಪ್ಪಣಿಯಲ್ಲಿ ಹೇಳಿ, ಮುಚ್ಚಬೇಡಿ.

ಅಪ್ಪ ನರಳುತ್ತಿದ್ದರೇ ಎಂಬ ಪ್ರಶ್ನೆಗೆ ಬರುತ್ತೇನೆ. ಯುದ್ಧ ಮನಸ್ಸಿಗೆ ಮಾಡುವ ಗಾಯ ನಿಜ. ‘ಶೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು 1915ರಲ್ಲೇ. ಆದರೆ ಪದ್ಯ ಓದಿ ರೋಗ ಹೇಳುವುದು ಸರಿಯಲ್ಲ. ಐವರ್ ಗರ್ನಿ ಎಂಬ ಸೈನಿಕ ಕವಿ ಕೊನೆಯ ಹದಿನೈದು ವರ್ಷ ಮಾನಸಿಕ ಆಸ್ಪತ್ರೆಯಲ್ಲೇ ಕಳೆದ. ಯುದ್ಧವೇ ಕಾರಣ ಎಂದು ಬಹಳ ಕಾಲ ನಂಬಿದ್ದರು. ಅವನ ತೊಂದರೆ ಯುದ್ಧಕ್ಕೆ ಮುಂಚೆಯೇ ಶುರುವಾಗಿತ್ತು. ಅಪ್ಪ ಪಿಂಚಣಿ ತರಲು ನಡೆದುಕೊಂಡೇ ಹೋಗುತ್ತಿದ್ದರು, ಮೊಮ್ಮಕ್ಕಳಿಗೆ ಗಾಳಿಪಟ ಕಟ್ಟಿಕೊಡುತ್ತಿದ್ದರು ಎಂದು ನೀವೇ ಬರೆದಿದ್ದೀರಿ. ಅದೂ ಅವರೇ, ನೋಟ್‌ಬುಕ್ಕೂ ಅವರದೇ. ಹೇಳಲಾಗದ್ದನ್ನು ಬರೆದಿಟ್ಟುಕೊಂಡು ಹಗುರಾದವರನ್ನೂ ನಾನು ಕಂಡಿದ್ದೇನೆ. ನೀವು ಗಮನಿಸದೇ ಹೋದಿರಿ ಎಂದು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಓದುತ್ತ ನಿದ್ದೆಗೆಡುತ್ತಿದ್ದರೆ ಸ್ವಲ್ಪ ದಿನ ಮುಚ್ಚಿಡಿ. ನಿದ್ದೆ ಬಾರದಿರುವುದು ಮುಂದುವರಿದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ.

ಕಾನೂನು ನೀವು ಹೆದರಿದಷ್ಟು ತೊಡಕಿನದಲ್ಲ. ಸೇವೆಯಲ್ಲಿರುವವರು ಸೇನೆಯ ವಿಷಯ ಪ್ರಕಟಿಸಲು 1954ರ ಸೇನಾ ನಿಯಮಗಳ ಪ್ರಕಾರ ಮುಂಚಿತ ಅನುಮತಿ ಬೇಕು. ತೀರಿಕೊಂಡವರ ಮಕ್ಕಳಾದ ನಿಮಗೆ ಅದು ಅನ್ವಯಿಸುವುದಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಎಲ್ಲರಿಗೂ ಅನ್ವಯಿಸುತ್ತದೆ, ನಿಜ. ಆದರೆ ಭಯ, ಚಳಿ, ನೆನಪು ರಹಸ್ಯವಲ್ಲ. ರಕ್ಷಣಾ ಸಚಿವಾಲಯವೇ 2021ರಲ್ಲಿ ತನ್ನ ಕಡತಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗಗೊಳಿಸುವ ನೀತಿ ತಂದಿದೆ. ನೋಟ್‌ಬುಕ್ಕಿನಲ್ಲಿ ನಕ್ಷೆ, ಸಂಕೇತಪದ, ಕಚೇರಿಯ ಕಾಗದದ ನಕಲು ಇದ್ದರೆ ಆ ಪುಟಗಳನ್ನು ಮಾತ್ರ ಬೇರೆ ಇಟ್ಟು, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ (ಮದ್ರಾಸ್ ಸ್ಯಾಪರ್ಸ್) ಕೇಂದ್ರಕ್ಕೆ ಬರೆದು ಕೇಳಿ.

ಹಕ್ಕುಸ್ವಾಮ್ಯವೇ ನಿಜವಾದ ತೊಡಕು. ಉಯಿಲು ಇಲ್ಲದಿದ್ದರೆ ಪದ್ಯಗಳ ಹಕ್ಕು ಅಮ್ಮ, ಅಣ್ಣ, ನೀವು ಎಲ್ಲರಿಗೂ ಸೇರಿದ್ದು. ಅಣ್ಣನವರ ಲಿಖಿತ ಒಪ್ಪಿಗೆ ಇಲ್ಲದೆ ಅಚ್ಚಿಗೆ ಹೋಗಬೇಡಿ. ಬರೆದವರು ತೀರಿಕೊಂಡ ಮೇಲೆ ಮೊದಲ ಬಾರಿ ಪ್ರಕಟವಾಗುವ ಬರಹಕ್ಕೆ, 1957ರ ಕಾಯ್ದೆಯಂತೆ, ಪ್ರಕಟವಾದ ಮರುವರ್ಷದಿಂದ 60 ವರ್ಷ ರಕ್ಷಣೆಯಿದೆ. ಕೃತಿಯನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನೂ ಅದೇ ಕಾಯ್ದೆ ವಾರಸುದಾರರಿಗೆ ಕೊಟ್ಟಿದೆ. ಕವಿಮಿತ್ರರಿಗೆ ಈಗಾಗಲೇ ಫೋಟೊ ಕಳಿಸಿದ್ದರೆ, ಮನೆಯವರ ಒಪ್ಪಿಗೆಯಿಲ್ಲದೆ ಒಂದು ಸಾಲೂ ಬದಲಿಸಿ ಪ್ರಕಟಿಸಕೂಡದು ಎಂದು ಸೌಜನ್ಯದಿಂದಲೇ ಬರೆದು ತಿಳಿಸಿ.

ಉರ್ದು ಪತ್ರದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಕೀತ್ ಡಗ್ಲಸ್ ಎಂಬ ಬ್ರಿಟಿಷ್ ಟ್ಯಾಂಕ್ ಅಧಿಕಾರಿ 1943ರಲ್ಲಿ ಟ್ಯುನೀಷಿಯಾದಲ್ಲಿ ಸತ್ತುಬಿದ್ದ ಜರ್ಮನ್ ಗನ್ನರನ ಬಳಿ ಅವನ ಹುಡುಗಿಯ ಫೋಟೊ ಕಂಡ, ಮರೆಯಬೇಡ ಎಂದು ಅವಳು ಅದರ ಮೇಲೆ ಬರೆದಿದ್ದಳು. ಅದರಿಂದ ಹುಟ್ಟಿದ ಪದ್ಯ ಆ ಯುದ್ಧದ ಅತ್ಯುತ್ತಮ ಪದ್ಯಗಳಲ್ಲಿ ಒಂದು. ನಿಮ್ಮ ತಂದೆಯವರ ಪದ್ಯ ಓದಿದಾಗ ನನಗೆ ಅದೇ ನೆನಪಾಯಿತು. ಪದ್ಯ ನಿಮ್ಮದು, ಪತ್ರ ನಿಮ್ಮದಲ್ಲ. ಅದರ ಹಕ್ಕು ಬರೆದವರದು. ಸತ್ತ ಸೈನಿಕರ ಬಳಿ ಸಿಕ್ಕ ಇಂಥ ವಸ್ತುಗಳನ್ನು ಅವರ ಕಡೆಯವರಿಗೆ ತಲುಪಿಸಬೇಕೆಂದು 1949ರ ಜಿನೀವಾ ಒಪ್ಪಂದವೂ ಹೇಳುತ್ತದೆ. ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಪುಸ್ತಕದಲ್ಲಿ ಚಿತ್ರ ಹಾಕಬೇಡಿ. ನಂಬಿಕಸ್ಥ ಉರ್ದು ಬಲ್ಲವರಿಂದ ಒಮ್ಮೆ ಓದಿಸಿ. ಹೆಸರು, ಊರು ಇದ್ದರೆ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ದಿಲ್ಲಿ ಕಚೇರಿಗೆ ಬರೆಯಬಹುದು. ಉತ್ತರ ಬರದೇ ಹೋಗಬಹುದು, ಬಂದರೂ ಆ ಮನೆಯವರಿಗೆ ಹಳೆಯ ಗಾಯ ಕೆದಕಿದಂತಾಗಬಹುದು. ಆದರೂ ಪ್ರಯತ್ನಿಸಬೇಕೆಂದೇ ನನ್ನ ಮನಸ್ಸು ಹೇಳುತ್ತದೆ. ನಿಮ್ಮ ತಂದೆ ಅದನ್ನು ಎಸೆಯದೆ ಇಷ್ಟು ವರ್ಷ ಕಾಪಾಡಿದ್ದಾರೆ.

ಪ್ರಕಟಿಸುವ ಮಾತಿಗೆ ಬಂದರೆ, ಮನೆಯ ಮಟ್ಟಿಗೆ ಪ್ರತಿ ಮಾಡಿಟ್ಟುಕೊಳ್ಳುವುದರಲ್ಲಿ ಅಪಾಯ ಕಡಿಮೆ. ಮುಂದಿನ ತಲೆಮಾರಿಗೆ ಆಸಕ್ತಿ ಇರದಿದ್ದರೆ ಅಲ್ಲೇ ಕಳೆದುಹೋಗಬಹುದು ಅಷ್ಟೇ. ಸ್ಕ್ಯಾನ್ ಪ್ರತಿಯನ್ನು ಮದ್ರಾಸ್ ಸ್ಯಾಪರ್ಸ್‌ನವರ ವಸ್ತುಸಂಗ್ರಹಾಲಯಕ್ಕೋ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗಕ್ಕೋ ಕೊಡುವ ಬಗ್ಗೆ ವಿಚಾರಿಸಿ. ಕೊಡುವಾಗ ಯಾರು ಓದಬಹುದು, ಯಾರು ಪ್ರಕಟಿಸಬಹುದು ಎಂಬ ಷರತ್ತನ್ನು ಬರೆದು ಸಹಿ ಮಾಡಿಸಿಕೊಳ್ಳಿ. ಪುಸ್ತಕವೇ ಬೇಕೆಂದರೆ ನೂರು ಪ್ರತಿಯ ಸಣ್ಣ ಮುದ್ರಣ ಸಾಕು. ಎಡಪುಟದಲ್ಲಿ ಕೈಬರಹದ ಚಿತ್ರ, ಬಲಪುಟದಲ್ಲಿ ಅಚ್ಚಿನ ಪಾಠ. ಜೊತೆಗಾರರ ಹೆಸರಿರುವಲ್ಲಿ ಅವರ ಮನೆಯವರನ್ನು ಕೇಳಿ, ಇಲ್ಲವೇ ಮೊದಲ ಅಕ್ಷರ ಮಾತ್ರ ಇಡಿ. ಯಾರು ಹೇಗೆ ಸತ್ತರೆಂಬುದು ಪದ್ಯದಿಂದ ಮೊದಲ ಬಾರಿ ಮನೆಯವರಿಗೆ ತಿಳಿಯುವಂತಾಗಬಾರದು. ಡಿಸೆಂಬರ್ 16ರ ಗಡುವನ್ನು ಕೈಬಿಡಿ. ಆ ದಿನಕ್ಕೆ ಹೊಂದಿಸಲು ಹೋದರೆ ಅಳುವ ಸಾಲುಗಳನ್ನು ಕತ್ತರಿಸುವ ಒತ್ತಡ ಬಂದೇ ಬರುತ್ತದೆ.

ಎಲ್ಲಕ್ಕೂ ಮುಂಚೆ ಈ ಮಳೆಗಾಲದೊಳಗೆ ಆಗಬೇಕಾದ ಕೆಲಸವಿದೆ. ಖಾಲಿ ಪುಟ, ರಟ್ಟು ಸೇರಿಸಿ ಪ್ರತಿ ಪುಟವನ್ನೂ ಫ್ಲ್ಯಾಶ್ ಇಲ್ಲದೆ, ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಎರಡು ಕಡೆ ಉಳಿಸಿಡಿ, ಒಂದು ಅಣ್ಣನವರ ಮನೆಯಲ್ಲಿರಲಿ. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೊಟೇಪ್ ಹಚ್ಚಬೇಡಿ. ಎರಡೂ ಕಾಗದವನ್ನು ತಿನ್ನುತ್ತವೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಪುಣೆಯ ಜುಲೈ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ತೊಳೆದು ಒಣಗಿಸಿದ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿಡಿ. ಪಿನ್ನು ತುಕ್ಕು ಹಿಡಿದಿದ್ದರೆ ನೀವೇ ಕೀಳದೆ ಹಸ್ತಪ್ರತಿ ಸಂರಕ್ಷಣೆ ಬಲ್ಲವರಿಗೆ ತೋರಿಸಿ; ಪುಣೆಯಲ್ಲಿ ಭಾಂಡಾರ್ಕರ್ ಸಂಸ್ಥೆಯಂಥ ಕಡೆ ವಿಚಾರಿಸಬಹುದು.

ಆಮೇಲೆ ಅಪ್ಪನ ಕಂಪನಿಯಲ್ಲಿದ್ದವರನ್ನು ಹುಡುಕಿ. ಆಗ ಇಪ್ಪತ್ತರ ಹುಡುಗರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಪದ್ಯದಲ್ಲಿ ಬರುವ ‘ನಾಯಕ್ ಸಾಬ್’ ಯಾರು, ಯಾವ ನಾಲೆ, ಯಾವ ರಾತ್ರಿ ಎಂದು ಹೇಳಬಲ್ಲವರು ಅವರು ಮಾತ್ರ. ಬೆಂಗಳೂರಿನ ಸ್ಯಾಪರ್ಸ್ ಕೇಂದ್ರದವರ ಮೂಲಕವೋ ಮಾಜಿ ಸೈನಿಕರ ಸಂಘದ ಮೂಲಕವೋ ವಿಳಾಸ ಸಿಕ್ಕೀತು. ಹೋಗುವಾಗ ಅಣ್ಣನವರನ್ನೂ ಕರೆದುಕೊಂಡು ಹೋಗಿ. ಅಚ್ಚು ಹಾಕಿಸಬೇಕೋ ಬೇಡವೋ ಎಂಬುದನ್ನು ಅವರ ಮಾತು ಕೇಳಿ ಬಂದ ಮೇಲೆ ಇಬ್ಬರೂ ಕೂಡಿ ನಿರ್ಧರಿಸಿ.